ಈ ಸ್ವಿಚ್ಚು ಯಾವ ಜೀನಿನದ್ದು? ಹತ್ತಿರದ್ದನ್ನು ನಂಬಬೇಕಾ, ಕಂಪ್ಯೂಟರನ್ನಾ?

ಪ್ರಶ್ನೆ: ನಾನು ಅಂಕೋಲೆಯವಳು, ಬಯೋಟೆಕ್ನಾಲಜಿ ಎಂಎಸ್ಸಿ ಎರಡನೇ ವರ್ಷ. ಪ್ರಾಜೆಕ್ಟಿಗೆ ರಕ್ತದ ಕೋಶಗಳ ಅಟ್ಯಾಕ್-ಸೀಕ್ ಡೇಟಾ ಕೊಟ್ಟಿದ್ದಾರೆ. ಅದರಲ್ಲಿ ಡಿಎನ್ಎ ಬಿಚ್ಚಿಕೊಂಡಿರುವ, ಅಂದರೆ ಜೀನುಗಳ ಸ್ವಿಚ್ಚು ಆಗಿರಬಹುದಾದ, ಸುಮಾರು 60 ಸಾವಿರ ಜಾಗ ಸಿಕ್ಕಿವೆ. ಇವು ಯಾವ ಯಾವ ಜೀನನ್ನು ನಡೆಸುತ್ತವೆ ಅಂತ ಹೇಳಬೇಕು. ಗೈಡ್ "ಹತ್ತಿರದ ಜೀನಿಗೆ ಸೇರಿಸಿ ಮುಗಿಸು" ಅಂದರು. ಸೀನಿಯರ್ ಒಬ್ಬರು "ಅದೆಲ್ಲ ಹಳೇದು, ಈಗೇನಿದ್ದರೂ ಡೀಪ್ ಲರ್ನಿಂಗ್" ಅಂತಾರೆ. ನನ್ನ ಹತ್ತಿರ ಇರುವುದು 8 ಜಿಬಿ ಲ್ಯಾಪ್‌ಟಾಪ್, ಎರಡು ತಿಂಗಳ ಟೈಮು. ಸರ್, ಏನು ಮಾಡಲಿ?

ಉತ್ತರ: ಗೈಡ್ ಹೇಳಿದ್ದು ಪೂರ್ತಿ ತಪ್ಪಲ್ಲ. ಸೀನಿಯರ್ ಹೇಳಿದ್ದು ಪೂರ್ತಿ ಸರಿಯೂ ಅಲ್ಲ. ಆದರೆ ನಿಮ್ಮ ಪ್ರಶ್ನೆ ಓದಿದಾಗ ನನಗೆ ಚುಚ್ಚಿದ್ದು ಬೇರೆಯದೇ ಒಂದು ಮಾತು. "ರಕ್ತದ ಕೋಶ" ಅಂತ ಬರೆದಿದ್ದೀರಲ್ಲ, ಯಾವ ಕೋಶ? ಟಿ ಸೆಲ್ಲಾ, ಮೊನೊಸೈಟಾ, ಕೆಂಪು ರಕ್ತಕಣ ಆಗಲಿರುವ ಎಳೆ ಕೋಶವಾ, ಇಲ್ಲಾ ಎಲ್ಲ ಸೇರಿದ ಕಲಬೆರಕೆಯಾ? ಯಾವ ಜೀನ್ ಅಂತ ಕೇಳುವ ಮೊದಲು ಯಾವ ಕೋಶ ಅಂತ ಕೇಳಬೇಕು. ಇಷ್ಟು ತಿಳಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಲೆಕ್ಕ ಒಮ್ಮೆ ನೋಡಿ. ನಮ್ಮ ಜೀನೋಮಿನಲ್ಲಿ, ಅಂದರೆ ಇಡೀ ಡಿಎನ್ಎಯಲ್ಲಿ, ಎ, ಸಿ, ಜಿ, ಟಿ ಅನ್ನುವ ಅಕ್ಷರಗಳು ಸುಮಾರು 300 ಕೋಟಿ. ಪ್ರೋಟೀನ್ ಮಾಡುವ ಜೀನುಗಳು ಸುಮಾರು 20 ಸಾವಿರ. ಜೀನೋಮಿನ ಯಾವ ಭಾಗ ಏನು ಮಾಡುತ್ತದೆ ಅಂತ ಹುಡುಕುವ ಎನ್‌ಕೋಡ್ ಯೋಜನೆಯವರು 2020ರಲ್ಲಿ, ಇವು ಜೀನನ್ನು ಏರಿಸಿ ಇಳಿಸುವ ಸ್ವಿಚ್ಚು ಆಗಿರಬಹುದು ಅಂತ ಪಟ್ಟಿ ಮಾಡಿದ ಜಾಗಗಳು 9,26,535. 20 ಸಾವಿರ ಬಲ್ಬು, ಒಂಬತ್ತು ಲಕ್ಷ ಸ್ವಿಚ್ಚು, ವೈರಿಂಗ್ ನಕ್ಷೆ ಮಾತ್ರ ಯಾರ ಹತ್ತಿರವೂ ಇಲ್ಲ. ರೋಗಗಳ ಜೊತೆ ನಂಟಿರುವ ಡಿಎನ್ಎ ವ್ಯತ್ಯಾಸಗಳಲ್ಲಿ ನೂರಕ್ಕೆ 90ರಷ್ಟು ಪ್ರೋಟೀನಿನ ಭಾಗ ಬಿಟ್ಟು ಹೊರಗೇ ಬೀಳುತ್ತವೆ. ಹಾಗಾಗಿ ಈ ನಕ್ಷೆ ಇಲ್ಲದೆ ಅವುಗಳ ಅರ್ಥ ಹೇಳುವುದಕ್ಕೇ ಆಗುವುದಿಲ್ಲ.

ನಾನು ಶಿರಸಿ ಕಡೆಯವನು, ನನಗೆ ಇದು ಸೊಪ್ಪಿನ ಬೆಟ್ಟದ ಹಾಗೆ ಕಾಣುತ್ತದೆ. ಘಟ್ಟದ ಕೆಳಗಿನವರಿಗೆ ಇದರ ಬಳಕೆ ಕಮ್ಮಿ ಇರಬಹುದು, ಹೇಳಿಬಿಡುತ್ತೇನೆ. ಘಟ್ಟದ ಮೇಲೆ ಅಡಿಕೆ ತೋಟಕ್ಕೆ ಇಂತಿಷ್ಟು ಬೆಟ್ಟ ಅಂತ ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಟ್ಟಿದ್ದಾರೆ. ಆ ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಬೀಳುತ್ತದೆ. ಸುಮಾರು ಜನರ ಬೆಟ್ಟ ತೋಟದ ತಲೆಯ ಮೇಲೇ ಇರುತ್ತದೆ, ಆದರೆ ಎಲ್ಲರದ್ದೂ ಅಲ್ಲ. ನಮ್ಮ ಮನೆ ಬೆಟ್ಟದ ಒಂದು ತುಂಡು, ಇನ್ನೊಬ್ಬರ ತೋಟ ದಾಟಿ, ಕಾಲುಸಂಕ ದಾಟಿ, ಆಚೆ ಗುಡ್ಡದಲ್ಲಿದೆ. ಹೊರಗಿನವರು ಬಂದು ನೋಡಿದರೆ ಅದು ಪಕ್ಕದ ಮನೆಯವರದ್ದೇ ಅಂತ ಆಣೆ ಮಾಡಿ ಹೇಳುತ್ತಾರೆ. ಕಾಗದ ನೋಡದೆ, ಯಾರನ್ನೂ ಕೇಳದೆ, ಯಾವ ಬೆಟ್ಟ ಯಾವ ತೋಟದ್ದು ಅಂತ ಪತ್ತೆ ಮಾಡಬೇಕು ಅಂದರೆ ನೀವು ಏನು ಮಾಡುತ್ತೀರಿ? ನಮ್ಮ ಕಸುಬಿನ ವಿಧಾನಗಳೆಲ್ಲ ಈ ಪತ್ತೇದಾರಿಕೆಯೇ.

ಮೊದಲನೆಯದು ಗೈಡ್ ಹೇಳಿದ್ದು, ಹತ್ತಿರದ ತೋಟ. ಇದನ್ನು ಹೀಯಾಳಿಸಬೇಡಿ. ಸುಮ್ನೆ ದೂರ ಒಂದನ್ನೇ ಅಳೆದರೂ ಒಳ್ಳೆಯ ಅಂಕ ಬರುತ್ತದೆ, ಎಷ್ಟೋ ದೊಡ್ಡ ಹೆಸರಿನ ವಿಧಾನಗಳು ಅದನ್ನು ದಾಟುವುದಕ್ಕೇ ಒದ್ದಾಡುತ್ತವೆ. ಆದರೆ ಹತ್ತಿರ ಅಂದರೆ ಯಾವುದರಿಂದ ಹತ್ತಿರ ಅಂತ ಕೇಳಿಕೊಂಡಿದ್ದೀರಾ? ಹಾಲಿನ ಕತೆ ನೋಡಿ. ಎಲ್‌ಸಿಟಿ ಅನ್ನುವ ಜೀನ್ ಲ್ಯಾಕ್ಟೇಸ್ ಮಾಡುತ್ತದೆ, ಅದಿದ್ದರೆ ಹಾಲಿನ ಸಕ್ಕರೆ ಅರಗುತ್ತದೆ. ದೊಡ್ಡವರಾದ ಮೇಲೆ ಜಗತ್ತಿನ ಬಹಳ ಜನರಲ್ಲಿ ಅದು ಕುಗ್ಗುತ್ತದೆ, ಕೆಲವರಲ್ಲಿ ಕುಗ್ಗುವುದಿಲ್ಲ. ಯಾಕೆ ಅಂತ 2002ರಲ್ಲಿ ಫಿನ್ಲೆಂಡಿನ ಕುಟುಂಬಗಳಲ್ಲಿ ಹುಡುಕಿದಾಗ, ಆ ಜೀನ್ ಶುರುವಾಗುವುದಕ್ಕೆ 13,910 ಅಕ್ಷರ ಮೊದಲು ಸಿ ಇರಬೇಕಾದಲ್ಲಿ ಟಿ ಇರುವುದು ಕಂಡಿತು. ಇದೇ ಟಿ ನಮ್ಮ ದೇಶದಲ್ಲಿ ಹಾಲು ಅರಗಿಸಿಕೊಳ್ಳುವವರಲ್ಲೂ ಇದೆ ಅಂತ 2011ರಲ್ಲಿ ಗೊತ್ತಾಯಿತು. ತಮಾಷೆ ಏನೆಂದರೆ, ಆ ಅಕ್ಷರ ಕೂತಿರುವುದು ಎಂಸಿಎಂ6 ಅನ್ನುವ ಪಕ್ಕದ ಜೀನಿನ ಹೊಟ್ಟೆಯೊಳಗೆ. ಅದರ ಕೆಲಸ ಡಿಎನ್ಎ ನಕಲಿಗೆ ಸಂಬಂಧಪಟ್ಟದ್ದು, ಹಾಲಿನ ಸುದ್ದಿಗೇ ಬರುವುದಿಲ್ಲ. ಜೀನಿನ ಮೈಯಿಂದ ದೂರ ಅಳೆದರೆ ನಿಮ್ಮ ಸ್ಕ್ರಿಪ್ಟ್ ಎಂಸಿಎಂ6 ಅನ್ನುತ್ತದೆ. ಜೀನ್ ಓದುವುದು ಶುರುವಾಗುವ ಬಿಂದುವಿನಿಂದ ಅಳೆದರೆ ಎಲ್‌ಸಿಟಿ ಅನ್ನುತ್ತದೆ, ಅದು ಸರಿ. ಒಂದೇ ಹತ್ತಿರ, ಎರಡು ಉತ್ತರ! ಆದ್ದರಿಂದ ಯಾವಾಗಲೂ ಶುರುವಿನ ಬಿಂದುವಿನಿಂದಲೇ ಅಳೆಯಿರಿ.

ಹಾಗೆ ಅಳೆದರೂ ಕೈಕೊಡುವುದುಂಟು. ಬೊಜ್ಜಿನ ಜೊತೆ ನಂಟಿರುವ ಅಕ್ಷರಗಳು ಎಫ್‌ಟಿಒ ಜೀನಿನೊಳಗೆ ಇವೆ ಅಂತ 2007ರಲ್ಲಿ ಗೊತ್ತಾದ ಮೇಲೆ ಜನ ವರ್ಷಗಟ್ಟಲೆ ಎಫ್‌ಟಿಒ ಹಿಂದೆ ಬಿದ್ದರು. 2014ರಲ್ಲಿ ನೋಡಿದರೆ ಆ ಜಾಗ ಹೋಗಿ ಮುಟ್ಟುತ್ತಿದ್ದದ್ದು ಲಕ್ಷಗಟ್ಟಲೆ ಅಕ್ಷರ ಆಚೆ ಇರುವ ಐಆರ್‌ಎಕ್ಸ್3 ಅನ್ನುವ ಜೀನನ್ನು. ಅದೂ ಯಾವ ಕೋಶದಲ್ಲಿ? 2014ರ ತಂಡ ಮಿದುಳಿನ ಕಡೆ ಕೈ ತೋರಿಸಿತು, 2015ರಲ್ಲಿ ಇನ್ನೊಂದು ತಂಡ ಕೊಬ್ಬಿನ ಕೋಶ ಆಗಲಿರುವ ಎಳೆ ಕೋಶಗಳನ್ನು ತೋರಿಸಿತು. ಜೀನ್ ಸಿಕ್ಕಿದ ಮೇಲೂ ಕೋಶದ ಜಗಳ ಮುಗಿಯಲಿಲ್ಲ, ಅಲ್ವಾ.

ಎರಡನೇ ದಾರಿ, ಒಟ್ಟಿಗೆ ಏರುವುದು ಇಳಿಯುವುದನ್ನು ನೋಡುವುದು. ಬೆಟ್ಟ ಚಿಗುರಿದ ವರ್ಷ ಯಾವ ತೋಟದ ಅಡಿಕೆಗೊನೆ ತುಂಬಿ ಬಂತು ಅಂತ ನೋಡಿದ ಹಾಗೆ. 2012ರಲ್ಲಿ ಎನ್‌ಕೋಡ್‌ನವರು 79 ಬಗೆಯ ಕೋಶಗಳಲ್ಲಿ ಹೀಗೆ ಮಾಡಿದರು. ದೂರದ ಜಾಗ ಬಿಚ್ಚಿಕೊಂಡ ಕೋಶಗಳಲ್ಲೆಲ್ಲ ಯಾವ ಜೀನಿನ ಬಾಗಿಲೂ (ಜೀನ್ ಓದುವುದು ಶುರುವಾಗುವ ಜಾಗ, ಪ್ರೊಮೋಟರ್) ಬಿಚ್ಚಿಕೊಂಡಿದೆ ಅಂತ ಜೋಡಿ ಹಾಕಿದರು. ಈಗ ಒಂದೇ ಕೋಶದಿಂದ ಬಿಚ್ಚಿಕೊಂಡ ಜಾಗ, ಜೀನಿನ ಪ್ರಮಾಣ ಎರಡರ ಅಳತೆಯನ್ನೂ ತೆಗೆಯುವ ತಂತ್ರ ಬಂದಿದೆ, ಸಿಸೆರೊ, ಆರ್ಚ್‌ಆರ್, ಸೀನಿಕ್ ಪ್ಲಸ್ ತರಹದ ತಂತ್ರಾಂಶಗಳು ಒಂಟಿ ಕೋಶಗಳ ಡೇಟಾ ಮೇಲೆ ಇಂಥ ಲೆಕ್ಕ ಹಾಕುತ್ತವೆ. ಚೆನ್ನಾಗಿವೆ. ಆದರೆ ಒಂದು ಎಚ್ಚರ. ಆಷಾಢದಲ್ಲಿ ಅಘನಾಶಿನಿ ಉಕ್ಕಿದ ದಿನವೇ ಗಂಗಾವಳಿಯೂ ಉಕ್ಕುತ್ತದೆ. ಅಘನಾಶಿನಿಯೇ ಗಂಗಾವಳಿಗೆ ನೀರು ಹರಿಸುತ್ತಿದೆ ಅಂದರೆ ನಿಮ್ಮೂರಲ್ಲಿ ಯಾರೂ ಒಪ್ಪಲಿಕ್ಕಿಲ್ಲ. ಎರಡಕ್ಕೂ ಮಳೆ ಒಂದೇ. ಹಾಗೇ ಟಿ ಸೆಲ್ಲಿನಲ್ಲಿ ಟಿ ಸೆಲ್ಲಿನ ಸ್ವಿಚ್ಚುಗಳೂ ಜೀನುಗಳೂ ಎಲ್ಲ ಒಟ್ಟಿಗೇ ಏಳುತ್ತವೆ. ಪರಸ್ಪರ ಮುಖ ನೋಡದವೂ ಜೋಡಿಯ ಹಾಗೆ ಕಾಣುತ್ತವೆ.

ಮೂರನೆಯದು, ಯಾವುದು ಯಾವುದನ್ನು ಮುಟ್ಟುತ್ತದೆ ಅಂತ ನೋಡುವುದು. ಡಿಎನ್ಎ ಕೋಶದೊಳಗೆ ದಾರದ ಹಾಗೆ ನೆಟ್ಟಗೆ ಇರುವುದಿಲ್ಲ, ಸುತ್ತಿಕೊಂಡಿರುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿದಿದ್ದರೆ ಗೊತ್ತಿರುತ್ತದೆ. ಮೇಲಿನ ತಿರುವಿನಲ್ಲಿ ಲಾರಿ ಹಾರ್ನ್ ಹೊಡೆದರೆ ಕೆಳಗಿನ ತಿರುವಿನವರಿಗೆ ಕಿವಿಯ ಪಕ್ಕದಲ್ಲೇ ಹೊಡೆದ ಹಾಗೆ, ರಸ್ತೆ ಹಿಡಿದು ಹೋದರೆ ಮಾತ್ರ ಎಷ್ಟು ಸುತ್ತಬೇಕು! ಹೀಗೆ ಮಡಿಚಿಕೊಂಡು ಹತ್ತಿರ ಬಂದ ಜಾಗಗಳನ್ನು ಇಡೀ ಜೀನೋಮಿಗೆ ಒಮ್ಮೆಗೇ ಎಣಿಸುವ ವಿಧಾನ ಹೈ-ಸಿ, 2009ರಲ್ಲಿ ಬಂತು. ಆದರೆ ಮುಟ್ಟಿದ ಮಾತ್ರಕ್ಕೆ ಕೆಲಸ ನಡೆಯುತ್ತಿದೆ ಅಂತಲ್ಲ. ಕೆಳಗಿನ ತಿರುವಿನವರಿಗೆ ಹಾರ್ನ್ ಕೇಳಿತು ನಿಜ, ಹಾರ್ನ್ ಅವರಿಗಾಗಿಯೇ ಹೊಡೆದದ್ದಾ?

ನಾಲ್ಕನೆಯದು ಮನುಷ್ಯರ ನಡುವೆ ಹುಟ್ಟಿನಿಂದಲೇ ಇರುವ ವ್ಯತ್ಯಾಸವನ್ನು ಬಳಸಿಕೊಳ್ಳುವುದು. ಒಬ್ಬರಲ್ಲಿ ಸ್ವಿಚ್ಚಿನ ಅಕ್ಷರ ಒಂದು ಥರ, ಇನ್ನೊಬ್ಬರಲ್ಲಿ ಇನ್ನೊಂದು ಥರ, ಅದಕ್ಕೆ ತಕ್ಕ ಹಾಗೆ ಯಾವ ಜೀನಿನ ಪ್ರಮಾಣ ಬದಲಾಗುತ್ತದೆ ಅಂತ ನೋಡುವುದು. ಇದಕ್ಕೆ ಇಕ್ಯೂಟಿಎಲ್ ಅನ್ನುತ್ತಾರೆ. ಜಿಟೆಕ್ಸ್ ಯೋಜನೆಯ 2020ರ ಕಂತಿನಲ್ಲಿ 838 ಜನರ 49 ಅಂಗಾಂಶಗಳಲ್ಲಿ ಇದನ್ನು ಮಾಡಿದ್ದಾರೆ, ಫಲಿತಾಂಶದ ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ತೊಡಕು ಎರಡು. ಅಕ್ಕಪಕ್ಕದ ಅಕ್ಷರಗಳು ಅಪ್ಪ ಅಮ್ಮನಿಂದ ಗುಂಪಾಗಿಯೇ ಬರುತ್ತವೆ, ಆದ್ದರಿಂದ ಕೆಲಸ ಮಾಡಿದ ಅಕ್ಷರ ಯಾವುದು, ಜೊತೆಗೆ ಬಂದ ನೆಂಟರು ಯಾರು ಅಂತ ಬಿಡಿಸುವುದು ಕಷ್ಟ. ಇನ್ನೊಂದು, ಆ 838 ಜನರಲ್ಲಿ ಬಹುಪಾಲು ಯುರೋಪ್ ಮೂಲದವರು. ನಮ್ಮವರಲ್ಲಿ ಈ ಗುಂಪುಗಾರಿಕೆ ಬೇರೆ ಥರ ಇರುತ್ತದೆ.

ಕೊನೆಗೆ ಇರುವುದು ಒರಟು ದಾರಿ. ಬೆಟ್ಟದ ದಾರಿಗೆ ಬೇಲಿ ಹಾಕಿ ಯಾರು ಬಂದು ಕೂಗಾಡುತ್ತಾರೆ ನೋಡುವುದು. ಡಿಎನ್ಎ ಕತ್ತರಿಸುವ ಕ್ರಿಸ್ಪರ್‌ನ ಕತ್ತರಿ ತೆಗೆದು, ಬಾಯಿ ಮುಚ್ಚಿಸುವ ಪ್ರೋಟೀನ್ ಒಂದನ್ನು ಅಂಟಿಸಿ, ಸ್ವಿಚ್ಚಿನ ಮೇಲೆ ಕೂರಿಸುತ್ತಾರೆ. ಆಮೇಲೆ ಯಾವ ಜೀನ್ ಇಳಿಯಿತು ಅಂತ ಅಳೆಯುತ್ತಾರೆ. 2019ರಲ್ಲಿ ಕೆ562 ಅನ್ನುವ ರಕ್ತ ಕ್ಯಾನ್ಸರಿನ ಕೋಶಗಳಲ್ಲಿ 5,920 ಜಾಗಗಳನ್ನು ಹೀಗೆ ಮುಚ್ಚಿ ನೋಡಿದರು. ಸಿಕ್ಕಿದ ಜೋಡಿ 664. ಬಿಚ್ಚಿಕೊಂಡಿದೆ, ಎನ್‌ಹಾನ್ಸರ್ (ಜೀನನ್ನು ಏರಿಸುವ ಸ್ವಿಚ್ಚು) ಗುರುತುಗಳಿವೆ, ಎಲ್ಲ ಲಕ್ಷಣವೂ ಇದೆ ಅಂತ ಆರಿಸಿಕೊಂಡು ಹೋದರೂ ಇಷ್ಟೇ. ಪರಿಣಾಮ ಸಣ್ಣದಿದ್ದರೆ ಅಳತೆಗೆ ಸಿಗದೆ ಹೋಗಿರಬಹುದು, ಒಂದರ ಕೆಲಸ ಇನ್ನೊಂದು ಸ್ವಿಚ್ಚು ತೂಗಿಸಿರಬಹುದು, ಎಲ್ಲ ಒಪ್ಪುತ್ತೇನೆ. ಆದರೂ 60 ಸಾವಿರ ಜಾಗಕ್ಕೂ ಒಂದೊಂದು ಜೀನ್ ಹಚ್ಚಿದ ಪಟ್ಟಿ ನೋಡಿದಾಗ ನನಗೆ ಈ 664 ನೆನಪಾಗುತ್ತದೆ.

ಈಗ ನಿಮಗೆ ಬೇಕಾದ ವಿಧಾನಕ್ಕೆ ಬರೋಣ. ನನ್ನ ಓಟು ಎಬಿಸಿ (ಆಕ್ಟಿವಿಟಿ ಬೈ ಕಾಂಟ್ಯಾಕ್ಟ್) ಮಾದರಿಗೆ. ಇದೂ 2019ರದ್ದೇ. ಯೋಚನೆ ಎಷ್ಟು ಸರಳ ಅಂದರೆ, ಇದನ್ನು ನಾವೇ ಮಾಡಬಹುದಿತ್ತಲ್ಲ ಅಂತ ಹೊಟ್ಟೆಯುರಿಯುತ್ತದೆ. ಸ್ವಿಚ್ಚಿಗೆ ಎಷ್ಟು ಕಸುವಿದೆ, ಅದು ಜೀನಿನ ಬಾಗಿಲನ್ನು ಎಷ್ಟು ಸಲ ಮುಟ್ಟುತ್ತದೆ, ಎರಡನ್ನೂ ಗುಣಿಸಿ. ಅದೇ ಜೀನಿನ ಸುತ್ತ ಇರುವ ಎಲ್ಲ ಸ್ವಿಚ್ಚುಗಳ ಗುಣಲಬ್ಧ ಕೂಡಿಸಿ. ಒಟ್ಟಿನಲ್ಲಿ ಇದರ ಪಾಲು ಎಷ್ಟು? ಮುಗಿಯಿತು. ಕಸುವು ಅಂದರೆ ಅಟ್ಯಾಕ್-ಸೀಕ್ ಸಂಕೇತ ಮತ್ತು ಚುರುಕಾಗಿರುವ ಸ್ವಿಚ್ಚುಗಳ ಮೇಲೆ ಕಾಣುವ ಎಚ್3ಕೆ27ಎಸಿ ಅನ್ನುವ ಗುರುತು, ಎರಡನ್ನು ಗುಣಿಸಿ ತೆಗೆದ ವರ್ಗಮೂಲ.

ಒಂದು ಜೀನ್ ಇಟ್ಟುಕೊಂಡು ಮಾಡಿ ನೋಡೋಣ, ಅಂಕಿ ನಾನು ಸುಮ್ನೆ ಇಟ್ಟದ್ದು. ಮೊದಲ ಸ್ವಿಚ್ಚು 5 ಸಾವಿರ ಅಕ್ಷರ ದೂರ, ಕಸುವು 2, ಮುಟ್ಟುವುದು 80. ಗುಣಿಸಿದರೆ 160. ಎರಡನೆಯದು 10 ಸಾವಿರ ದೂರ, ಕಸುವು 20, ಮುಟ್ಟುವುದು 50, ಅಂದರೆ 1,000. ಮೂರನೆಯದು 80 ಸಾವಿರ ದೂರ, ಕಸುವು 90, ಮುಟ್ಟುವುದು 10, ಅಂದರೆ 900. ಒಟ್ಟು 2,060. ಪಾಲು ನೋಡಿದರೆ ಮೊದಲನೆಯದಕ್ಕೆ 0.08, ಎರಡನೆಯದಕ್ಕೆ 0.49, ಮೂರನೆಯದಕ್ಕೆ 0.44. ಮನೆ ಬಾಗಿಲಲ್ಲೇ ಇದ್ದ ಸ್ವಿಚ್ಚಿಗೆ ಹೆಚ್ಚುಕಮ್ಮಿ ಏನೂ ಸಿಗಲಿಲ್ಲ, ದೂರದ ಗಟ್ಟಿಗ ಅರ್ಧಕ್ಕೆ ಹತ್ತಿರ ಪಾಲು ಹೊಡೆದುಕೊಂಡ. ನಿಜವಾದ ಲೆಕ್ಕದಲ್ಲಿ ಎರಡೂ ಕಡೆ 50 ಲಕ್ಷ ಅಕ್ಷರದೊಳಗಿನ ಎಲ್ಲ ಸ್ವಿಚ್ಚುಗಳೂ, ಜೀನಿನ ಸ್ವಂತ ಬಾಗಿಲೂ ಕೂಡುತ್ತವೆ, ಆದ್ದರಿಂದ ಪಾಲುಗಳು ಸಣ್ಣ ಆಗುತ್ತವೆ. ಮೂಲ ಲೇಖನದಲ್ಲಿ 0.02 ದಾಟಿದರೆ ಜೋಡಿ ಅಂತ ಒಪ್ಪಿದ್ದರು.

ನಿಮಗೆ ಖುಷಿಯಾಗುವ ಸುದ್ದಿ ಒಂದಿದೆ. ಮುಟ್ಟುವಿಕೆಗೆ ನಿಮ್ಮದೇ ಕೋಶದ ಹೈ-ಸಿ ಬೇಕೇಬೇಕು ಅಂತಿಲ್ಲ. ಹಲವು ಕೋಶಗಳ ಸರಾಸರಿ ಹಾಕಿದರೂ, ದೂರ ಹೆಚ್ಚಾದಂತೆ ಮುಟ್ಟುವಿಕೆ ಇಳಿಯುವ ಸೂತ್ರವನ್ನಷ್ಟೇ ಹಾಕಿದರೂ ಫಲಿತಾಂಶ ಹೆಚ್ಚು ಕೆಡುವುದಿಲ್ಲ. ಗೈಡ್ ಪೂರ್ತಿ ತಪ್ಪಲ್ಲ ಅಂದದ್ದು ಇದಕ್ಕೇ. ದೂರ ಇಲ್ಲಿಯೂ ಅರ್ಧ ಕೆಲಸ ಮಾಡುತ್ತಿದೆ, ಜೊತೆಗೆ ಕಸುವು ಸೇರಿತು ಅಷ್ಟೇ.

ಹಾಗಂತ ತಲೆಯ ಮೇಲೆ ಹೊತ್ತುಕೊಳ್ಳಬೇಡಿ. 30 ಜೀನುಗಳ ಸುತ್ತ 3,500ಕ್ಕೂ ಹೆಚ್ಚು ಜೋಡಿಗಳನ್ನು ಕ್ರಿಸ್ಪರ್ ವಿಧಾನದಲ್ಲಿ ಪರೀಕ್ಷಿಸಿ ಇದನ್ನು ಒರೆಗೆ ಹಚ್ಚಿದರು. ನಿಜವಾದ ಜೋಡಿಗಳಲ್ಲಿ ನೂರಕ್ಕೆ 70ನ್ನು ಹಿಡಿಯುವ ಮಟ್ಟದಲ್ಲಿ ನಿಲ್ಲಿಸಿದರೆ, ಇದು ಹೌದು ಅಂದದ್ದರಲ್ಲಿ ನಿಜ ಆಗಿದ್ದು ನೂರಕ್ಕೆ 59. ಎಲ್ಲ ಕೋಶಗಳಲ್ಲೂ ಸದಾ ಉರಿಯುವ ಜೀನುಗಳ ವಿಷಯದಲ್ಲಂತೂ ಎಡವುತ್ತದೆ, ಅವು ದೂರದ ಸ್ವಿಚ್ಚಿನ ಮಾತು ಅಷ್ಟಾಗಿ ಕೇಳುವುದಿಲ್ಲ.

ಡೀಪ್ ಲರ್ನಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2021ರ ಎನ್‌ಫಾರ್ಮರ್ ಸುಮಾರು ಎರಡು ಲಕ್ಷ ಅಕ್ಷರ ಒಟ್ಟಿಗೆ ಓದಿ ಜೀನಿನ ಪ್ರಮಾಣ ಊಹಿಸುತ್ತಿತ್ತು, 2025ರಲ್ಲಿ ಬಂದ ಆಲ್ಫಾಜೀನೋಮ್ ಹತ್ತು ಲಕ್ಷ ಓದುತ್ತದೆ. ಒಂದು ಅಕ್ಷರ ಬದಲಾದರೆ ಏನಾದೀತು ಅಂತ ಕೇಳುವುದಕ್ಕೆ ಇವಕ್ಕಿಂತ ಒಳ್ಳೆಯದು ಇಲ್ಲ. ಆದರೆ 2023ರಲ್ಲಿ ಎರಡು ತಂಡಗಳು ಎನ್‌ಫಾರ್ಮರ್ ಪೀಳಿಗೆಯ ಮಾದರಿಗಳಿಗೆ ನಿಜವಾದ ಮನುಷ್ಯರ ಡಿಎನ್ಎ ಕೊಟ್ಟು, ಇವರಿಬ್ಬರಲ್ಲಿ ಈ ಜೀನ್ ಯಾರಲ್ಲಿ ಜಾಸ್ತಿ ಅಂತ ಕೇಳಿದವು. ಎಷ್ಟೋ ಜೀನುಗಳಲ್ಲಿ ಉತ್ತರ ತಲೆಕೆಳಗು, ಏರಬೇಕಾದ್ದು ಇಳಿಯುತ್ತದೆ ಅಂತ ಬಂತು. ಅದೇ ವರ್ಷ ಇನ್ನೊಂದು ತಂಡ, ಇವು ಬಾಗಿಲ ಹತ್ತಿರದ್ದನ್ನು ಚೆನ್ನಾಗಿ ಓದುತ್ತವೆ, ದೂರದ ಸ್ವಿಚ್ಚಿಗೆ ಮಾತ್ರ ಅಷ್ಟು ಬೆಲೆ ಕೊಡುವುದಿಲ್ಲ ಅಂತ ತೋರಿಸಿತು. ನಿಮಗೆ ಬೇಕಾದದ್ದೇ ದೂರದ್ದು. ಸೀನಿಯರ್‌ಗೆ ಇದನ್ನು ತಿಳಿಸಿ, ಜಗಳ ಬೇಡ.

ಈಗ ಕೋಶದ ಮಾತಿಗೆ ವಾಪಸ್. ಬಿಸಿಎಲ್11ಎ ಅನ್ನುವ ಜೀನ್, ಮಗು ಹುಟ್ಟಿದ ಮೇಲೆ ಗರ್ಭದ ಕಾಲದ ಹಿಮೋಗ್ಲೋಬಿನ್ನನ್ನು ನಿಲ್ಲಿಸಿಬಿಡುತ್ತದೆ. ಅದನ್ನು ತಡೆದರೆ ಸಿಕಲ್ ಸೆಲ್, ಥಲಸ್ಸೀಮಿಯಾ ಇರುವವರಿಗೆ ಹಳೆಯ ಹಿಮೋಗ್ಲೋಬಿನ್ ಮತ್ತೆ ಸಿಗುತ್ತದೆ. ಆದರೆ ಆ ಜೀನ್ ಬಿ ಸೆಲ್ಲುಗಳಿಗೂ ಬೇಕು, ಪೂರ್ತಿ ಕೆಡವುವ ಹಾಗಿಲ್ಲ. 2013ರಲ್ಲಿ ಆ ಜೀನಿನ ಒಳಗೇ ಒಂದು ಸ್ವಿಚ್ಚು ಸಿಕ್ಕಿತು, ಅದು ಕೆಲಸ ಮಾಡುವುದು ಕೆಂಪು ರಕ್ತಕಣದ ಸಾಲಿನಲ್ಲಿ ಮಾತ್ರ. ಕತ್ತರಿ ಹಾಕಿದ್ದು ಅಲ್ಲಿಗೆ. ಆ ಚಿಕಿತ್ಸೆಯೇ ಕ್ಯಾಸ್ಜೆವಿ, 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ನೋಡಿ, ಇಲ್ಲಿ ಜೀನ್ ಹತ್ತಿರದ್ದೇ, ಗೈಡ್ ಗೆದ್ದರು. ಆದರೆ ಟಿ ಸೆಲ್ಲೋ ಮೊನೊಸೈಟೋ ತೆಗೆದುಕೊಂಡು ಹುಡುಕಿದ್ದರೆ ಈ ಸ್ವಿಚ್ಚು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಾಗಿ ಎರಡು ತಿಂಗಳಲ್ಲಿ ಹೀಗೆ ಮಾಡಿ. ಡೇಟಾ ಕೊಟ್ಟವರನ್ನು ಕೇಳಿ ಕೋಶ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಅದೇ ಕೋಶದ ಆರ್‌ಎನ್‌ಎ-ಸೀಕ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಅಳತೆ) ಹುಡುಕಿ, ಅಲ್ಲಿ ಮಾತೇ ಆಡದ ಜೀನುಗಳನ್ನು ಮೊದಲೇ ತೆಗೆದುಹಾಕಿ. ನನ್ನ ಮೊದಲ ಪಟ್ಟಿಯ ಮೇಲಿನ ಸಾಲಿನಲ್ಲೇ ಆ ಕೋಶದಲ್ಲಿ ಸೊನ್ನೆ ಇರುವ ಜೀನೊಂದು ಕೂತಿತ್ತು, ತುಂಬಿದ ಸಭೆಯಲ್ಲಿ ಒಬ್ಬರು ಅದನ್ನೇ ಕೇಳಿದರು. ಆಮೇಲೆ ಹತ್ತಿರದ ಜೀನಿನ ಕಾಲಮ್ ಮಾಡಿ, ಶುರುವಿನ ಬಿಂದುವಿನಿಂದ. ಪಕ್ಕದಲ್ಲಿ ಎಬಿಸಿಯ ಕಾಲಮ್. ಇದನ್ನು ನೀವು ಓಡಿಸಲೇಬೇಕಿಲ್ಲ, 131 ಬಗೆಯ ಕೋಶ, ಅಂಗಾಂಶಗಳಿಗೆ ಮಾಡಿದ ಪಟ್ಟಿ 2021ರಲ್ಲಿ ಬಂದಿದೆ, ರಕ್ತದ ಕೋಶಗಳು ಅದರಲ್ಲಿ ಧಾರಾಳ ಇವೆ. ನಿಮ್ಮ ಜಾಗಗಳ ಮೇಲೆ ಅದನ್ನು ಹೊಂದಿಸುವುದು ಬೆಡ್‌ಟೂಲ್ಸ್ ಅನ್ನುವ ತಂತ್ರಾಂಶಕ್ಕೆ ಚಹಾ ಕುಡಿಯುವಷ್ಟರ ಕೆಲಸ, 8 ಜಿಬಿ ಸಾಕು. ಮೂರನೇ ಕಾಲಮ್ ಜಿಟೆಕ್ಸ್‌ನ ರಕ್ತದ ಇಕ್ಯೂಟಿಎಲ್.

ಒಂದು ಗುಂಡಿ ಇದೆ, ನಾನು ಬಿದ್ದದ್ದು. ಆ ಎಬಿಸಿ ಪಟ್ಟಿ ಎಚ್‌ಜಿ19 ಅನ್ನುವ ಹಳೆಯ ಜೀನೋಮ್ ಆವೃತ್ತಿಯ ಲೆಕ್ಕದಲ್ಲಿದೆ. ನಿಮ್ಮ ಜಾಗಗಳು ಬಹುಶಃ ಹೊಸ ಆವೃತ್ತಿ ಎಚ್‌ಜಿ38ರಲ್ಲಿರುತ್ತವೆ. ಎರಡನ್ನೂ ಹಾಗೇ ಹೊಂದಿಸಿದರೆ ಕಂಪ್ಯೂಟರ್ ಕಮಕ್ ಕಿಮಕ್ ಅನ್ನುವುದಿಲ್ಲ, ಉತ್ತರವೂ ಬರುತ್ತದೆ, ಎಲ್ಲ ತಪ್ಪು ಅಷ್ಟೇ. ಮಳೆಗಾಲದಲ್ಲಿ ಕರೆಂಟು ಬಂದಾಗ ಬಂದಾಗ ಕೂತು ಒಂದು ತಿಂಗಳು ಈ ಹುಚ್ಚಾಟ ಮಾಡಿದ್ದೇನೆ. ಮೊದಲು ಲಿಫ್ಟ್‌ಓವರ್ (ಒಂದು ಆವೃತ್ತಿಯ ಜಾಗವನ್ನು ಇನ್ನೊಂದರ ಲೆಕ್ಕಕ್ಕೆ ತರುವುದು) ಮಾಡಿ, ಆಮೇಲೆ ಉತ್ತರ ಗೊತ್ತಿರುವ ಒಂದು ಜೀನಿನ ಜಾಗ ಎರಡರಲ್ಲೂ ಒಂದೇ ಕಡೆ ಬೀಳುತ್ತದಾ ಅಂತ ಕಣ್ಣಾರೆ ನೋಡಿ.

ಹೋಲಿಕೆಗೆ, ಅಷ್ಟೇ ಅಷ್ಟೇ ದೂರದಲ್ಲಿರುವ ಸುಳ್ಳು ಜೋಡಿಗಳನ್ನೂ ಮಾಡಿಟ್ಟುಕೊಳ್ಳಿ. ನಿಮ್ಮ ಜೋಡಿಗಳು ಅವಕ್ಕಿಂತ ಚೆನ್ನಾಗಿ ಕಾಣದಿದ್ದರೆ ನೀವು ಕಂಡುಹಿಡಿದದ್ದು ಬರೀ ದೂರ ಅಂತ ಅರ್ಥ. ಮೂರು ಕಾಲಮ್ಮೂ ಒಂದೇ ಹೆಸರು ಹೇಳುವ ಜಾಗಗಳು 60 ಸಾವಿರದಲ್ಲಿ ಸ್ವಲ್ಪವೇ ಉಳಿಯುತ್ತವೆ, ಬೇಜಾರು ಬೇಡ. ಅದರಲ್ಲಿ ಐದನ್ನು ಆರಿಸಿ ಜೀನೋಮ್ ಬ್ರೌಸರಿನಲ್ಲಿ ತೆರೆದು ಒಂದೊಂದಕ್ಕೂ ಅರ್ಧ ಗಂಟೆ ಕೊಡಿ. ವೈವಾದಲ್ಲಿ ಕೇಳುವುದು ಆ ಐದನ್ನೇ. ಮೂರು ಕಾಲಮ್ ಮೂರು ಹೆಸರು ಹೇಳಿದ ಸಾಲುಗಳನ್ನು ಅಳಿಸಬೇಡಿ, ಬೇರೆ ಹಾಳೆಯಲ್ಲಿ ಇಟ್ಟು ಗೈಡ್‌ಗೆ ತೋರಿಸಿ. ಮತ್ತೆ ಕೋಶ ಯಾವುದು ಅಂತ ಗೊತ್ತಾದ ಕೂಡಲೇ ನನಗೂ ಬರೆಯಿರಿ, 131ರಲ್ಲಿ ಯಾವುದು ಅದಕ್ಕೆ ಹತ್ತಿರ ಅಂತ ಹೇಳುತ್ತೇನೆ.